ಗೋಳಗುಮ್ಮಟದ ಕರಿಕಲ್ಲು, ರಿಯೂನಿಯನ್ ದ್ವೀಪದ ಲಾವಾ

ಗೋಳಗುಮ್ಮಟದ ಕರಿಕಲ್ಲು ವಿಜಯಪುರ ಸೀಮೆಯದೇ. ಆದರೆ ಅಲ್ಲಿಯ ಬಸಾಲ್ಟನ್ನು, ಅಂದರೆ ಲಾವಾ ಆರಿ ಗಟ್ಟಿಯಾದ ಆ ಕರಿಕಲ್ಲನ್ನು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಕರಗಿಸಿ ಮೇಲೆ ತಂದ ಬಿಸಿ ಈಗ ಆ ಊರಿನ ಕೆಳಗಿಲ್ಲ. ಮಡಗಾಸ್ಕರ್‌ನಿಂದ ಪೂರ್ವಕ್ಕೆ 700 ಕಿ.ಮೀ. ಆಚೆ, ನಾವಿರುವ ಈ ರಿಯೂನಿಯನ್ ದ್ವೀಪದ ಕೆಳಗಿದೆ. ಬಿಸಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಮೇಲಿನ ನೆಲ ಉತ್ತರಕ್ಕೆ ಸರಿಯಿತು.

ಭೂಮಿಯ ಒಳಗೆಲ್ಲ ಲಾವಾ ಕುದಿಯುತ್ತಿದೆ ಎಂಬುದು ತಪ್ಪು ಕಲ್ಪನೆ. ಹೊರಚಿಪ್ಪಿನ ಕೆಳಗಿರುವ ದಪ್ಪ ಪದರ, ಮ್ಯಾಂಟಲ್, ಬಹುಪಾಲು ಘನ ಕಲ್ಲು. ಅದು ಅಷ್ಟು ಬಿಸಿಯಿದ್ದರೂ ಮೇಲಿನ ಒತ್ತಡದಿಂದಾಗಿ ಕರಗುವುದಿಲ್ಲ. ಸುತ್ತಲಿಗಿಂತ ನೂರಿನ್ನೂರು ಡಿಗ್ರಿ ಹೆಚ್ಚು ಬಿಸಿಯಾದ ಕಲ್ಲಿನ ಕಂಬ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಲೆಕ್ಕದಲ್ಲಿ ಮೇಲೇರುತ್ತದೆ. ಸುಮಾರು 100 ಕಿ.ಮೀ. ಆಳಕ್ಕೆ ಬರುವ ಹೊತ್ತಿಗೆ ಒತ್ತಡ ಇಳಿದು, ಅದರ ಸಣ್ಣ ಪಾಲು ಕರಗುತ್ತದೆ. ಬಿಸಿ ಕುಕ್ಕರಿನ ಒತ್ತಡವನ್ನು ತಟ್ಟನೆ ಬಿಟ್ಟರೆ ನೀರು ಕುದಿದೇಳುವುದೂ ಇದೇ ಕಾರಣಕ್ಕೆ, ಅಲ್ಲಿ ಹೊಸ ಉರಿ ಬೇಕಿಲ್ಲ.

ವಿಜಯಪುರವಿರುವ ಡೆಕ್ಕನ್ನಿನಿಂದ ಇಲ್ಲಿಯವರೆಗೆ ಆ ಬಿಸಿಯ ಗುರುತು ದ್ವೀಪ, ಮುಳುಗುಬೆಟ್ಟಗಳ ಸಾಲಾಗಿ ಬಿದ್ದಿದೆ. 1987ರಲ್ಲಿ ಕೊರೆಹಡಗೊಂದು ಈ ಸಾಲಿನ ಕಲ್ಲು ತೆಗೆಯಿತು. ಮಾಲ್ಡೀವ್ಸ್ ಬಳಿಯ ಬಸಾಲ್ಟಿಗೆ ಸುಮಾರು 5.7 ಕೋಟಿ ವರ್ಷ, ಅದರ ದಕ್ಷಿಣದ ಚಾಗೋಸ್ ದ್ವೀಪಗಳ ಬಳಿಯದಕ್ಕೆ 4.9 ಕೋಟಿ. ಮುಂದೆ ಸಾಲು ಕಡಿದಂತೆ ಕಾಣುತ್ತದೆ. ಸಾಗರದ ನಡುವೆ ಎರಡು ಫಲಕಗಳು (ಸರಿಯುವ ನೆಲದ ಹಾಸುಗಳು) ಬೇರ್ಪಡುವ ಬಿರುಕು ಏಣು ಬಿಸಿಯ ನೆತ್ತಿಯ ಮೇಲೆ ಹಾದುಹೋದದ್ದರಿಂದ ಉತ್ತರದ ತುಂಡು ಭಾರತದ ಫಲಕಕ್ಕೆ, ದಕ್ಷಿಣದ್ದು ಆಫ್ರಿಕಾದ ಫಲಕಕ್ಕೆ ಸೇರಿಹೋಯಿತು. ಈಚೆಗೆ ಮಾರಿಷಸ್, ಅಲ್ಲಿಯ ಹಳೆಯ ಲಾವಾಕ್ಕೆ 80–90 ಲಕ್ಷ ವರ್ಷ. ಸೇಶೆಲ್ಸ್‌ನ ಮುಖ್ಯ ದ್ವೀಪಗಳನ್ನು ಈ ಸಾಲಿಗೆ ಸೇರಿಸಬೇಡಿ, ಅವು ಗ್ರಾನೈಟ್, ಒಡೆದುಹೋದ ಖಂಡದ ಚೂರು.

ಈ ವಯಸ್ಸುಗಳ ಮೇಲೇ ಇಡೀ ವಾದ ನಿಂತಿದೆ. ಹಾಗಾಗಿ ಅಳತೆ ಎಲ್ಲಿ ಕೆಡುತ್ತದೆ ಎಂಬುದು ಗೊತ್ತಿರಬೇಕು. ಕಲ್ಲಿನಲ್ಲಿರುವ ಪೊಟ್ಯಾಸಿಯಂ-40 ನಿಧಾನವಾಗಿ ಕ್ಷಯಿಸಿ, ಅದರ ಸಣ್ಣ ಪಾಲು ಆರ್ಗಾನ್ ಅನಿಲವಾಗುತ್ತದೆ. ಪೊಟ್ಯಾಸಿಯಂ-40ರ ಅರ್ಧಾಯು, ಅಂದರೆ ಅದರ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಕೂಡಿಬಿದ್ದ ಆರ್ಗಾನ್ ಎಣಿಸಿದರೆ ವಯಸ್ಸು ಸಿಗುತ್ತದೆ. ಸಮುದ್ರದ ನೀರು ಕಲ್ಲಿನೊಳಗೆ ಇಳಿದು ಹೊಸ ಪೊಟ್ಯಾಸಿಯಂ ಸೇರಿಸಿದರೆ, ಅಥವಾ ಆರ್ಗಾನ್ ಸೋರಿದರೆ, ವಯಸ್ಸು ಕಡಿಮೆ ಬರುತ್ತದೆ. ನೀರಿನಡಿಯಲ್ಲಿ ದಿಂಬಿನಂತೆ ಉಬ್ಬಿ ಹೆಪ್ಪುಗಟ್ಟಿದ ಲಾವಾದ ಗಾಜಿನ ಸಿಪ್ಪೆಯಲ್ಲಿ ಆಳದ ಹಳೆಯ ಆರ್ಗಾನ್ ಹೊರಹೋಗಲಾರದೆ ಸಿಕ್ಕಿಬೀಳುತ್ತದೆ. ಅಲ್ಲಿ ವಯಸ್ಸು ಹೆಚ್ಚು ಬರುತ್ತದೆ. ಅದಕ್ಕೇ ಸಿಪ್ಪೆ ಬಿಟ್ಟು ಒಳತಿರುಳನ್ನು ಆರಿಸಿ, ಆಮ್ಲದಲ್ಲಿ ತೊಳೆದು, ಹಂತಹಂತವಾಗಿ ಕಾಯಿಸಿ, ಪ್ರತಿ ಹಂತದ ಅನಿಲವನ್ನೂ ಬೇರೆಬೇರೆ ಅಳೆಯುತ್ತಾರೆ. ಸಾಲಾಗಿ ಹಲವು ಹಂತಗಳು ಒಂದೇ ವಯಸ್ಸು ಕೊಟ್ಟರೆ ಮಾತ್ರ ನಂಬಬೇಕು. ಹಡಗು ಎಳೆದುತಂದ ಸಡಿಲ ಕಲ್ಲಿನ ಒಂದೇ ಒಂದು ಅಳತೆಯ ಮೇಲೆ ನಕ್ಷೆ ಎಳೆಯುವುದನ್ನು ನಾವು ಒಪ್ಪುವುದಿಲ್ಲ.

ಬಿಸಿಯಿಂದ ದೂರ ಸರಿದ ದ್ವೀಪ ಉಳಿಯುವುದಿಲ್ಲ. ಕೆಳಗಿನ ಸಾಗರತಳ ತಣ್ಣಗಾಗಿ ಕುಸಿಯುತ್ತದೆ, ಮಳೆ ಮೇಲಿನಿಂದ ಕೊರೆಯುತ್ತದೆ. ಹವಳ ಆ ವೇಗಕ್ಕೆ ಸರಿಗಟ್ಟಿ ಬೆಳೆದರೆ ಮಾಲ್ಡೀವ್ಸ್‌ನಂಥ ಉಂಗುರ ಉಳಿಯುತ್ತದೆ, ಸೋತರೆ ಚಪ್ಪಟೆ ತಲೆಯ ಮುಳುಗುಬೆಟ್ಟ.

ಇಲ್ಲಿ ಇನ್ನೂ ಕಟ್ಟುವ ಕೆಲಸ ನಡೆದಿದೆ. ಸುಮಾರು 4,000 ಮೀ. ಆಳದ ತಳದಿಂದ ಎದ್ದ ಈ ದ್ವೀಪದ ನೆತ್ತಿ, ಪಿಟೋನ್ ದೆ ನೇಜ್, ಸಮುದ್ರಮಟ್ಟದಿಂದ 3,070 ಮೀ. ಅದು ಮಲಗಿದೆ, ಪಕ್ಕದ 2,632 ಮೀ. ಎತ್ತರದ ಪಿಟೋನ್ ದೆ ಲಾ ಫುರ್ನೇಜ್ ಪದೇಪದೇ ಉಕ್ಕುತ್ತದೆ. ನೋಡಬರುವವರು ಪಾ ದೆ ಬೆಲ್ಕೊಂಬ್ ಅಂಚಿಗೆ ಬೆಳಗ್ಗೆ ಬೇಗ ತಲುಪಬೇಕು, ಹೊತ್ತೇರಿದರೆ ಮೋಡ ಮುಚ್ಚುತ್ತದೆ. ಲಾವಾ ಕಡಲಿಗೆ ಬೀಳುವಲ್ಲಿ ಹೊಸ ನೆಲದ ಮೇಲೆ ಕಾಲಿಡಲೇಬೇಡಿ. ಅದು ನಿಂತಿರುವುದು ಒಡೆದ ಚೂರುಗಳ ಗುಡ್ಡೆಯ ಮೇಲೆ, ಮುನ್ಸೂಚನೆಯಿಲ್ಲದೆ ಜರಿಯುತ್ತದೆ. ಅಲ್ಲಿಯ ಹಬೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬೇರೆ.

2007ರ ಏಪ್ರಿಲ್‌ನಲ್ಲಿ ಫುರ್ನೇಜ್ ಬೆಟ್ಟದ ಒಳಗಿನ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಬರಿದಾಗಿ, ಶಿಖರದ ಕುಳಿ 300 ಮೀಟರಿಗೂ ಹೆಚ್ಚು ಕುಸಿಯಿತು. ಆಗ ಕಡಲಿಗಿಳಿದ ಲಾವಾದ ದಡದಲ್ಲಿ ಮರಳನ್ನು ಅಂಗೈಗೆ ಹಾಕಿಕೊಂಡು ನೋಡಿ: ಕರಿಯ ಹುಡಿಯ ನಡುವೆ ಹೆಸರುಕಾಳಿನ ಬಣ್ಣದ ಒಲಿವಿನ್ ಹರಳುಗಳು. ಶಿಲಾಪಾಕ ಆರುವಾಗ ಮೊದಲು ಹರಳುಗಟ್ಟುವ ಖನಿಜ ಅದು.