ಕುರೋಸು, ಕುರುಸು, ಖುರಿಸ್

ಟೋಕಿಯೊದ ಯೊತ್ಸುಯಾದಲ್ಲಿರುವ ಸಂತ ಇಗ್ನೇಷಿಯಸ್ ಇಗರ್ಜಿಯಲ್ಲಿ ಭಾನುವಾರದ ಇಂಗ್ಲಿಷ್ ಬಲಿಪೂಜೆ ಮುಗಿಸಿ ಹೊರಬರುವಷ್ಟರಲ್ಲಿ ಮಗಳು ನನ್ನ ತೋಳು ಹಿಡಿದುಕೊಂಡಳು. 14 ತುಂಬಿದ ದಿನ ಹರಾಜುಕುಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟವಳು ನಾನು. ಕೆಲಸದ ಒತ್ತಡದಲ್ಲಿ ಮೂರು ವಾರ ತಳ್ಳಿದ್ದೆ. ಸೋಬು ಮಾರ್ಗದ ರೈಲಿನಲ್ಲಿ ಯೊಯೊಗಿವರೆಗೆ ಹೋಗಿ ಯಮಾನೊತೆ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಹರಾಜುಕು. ಯಾವ ಅಂಗಡಿ, ಯಾವ ಮಹಡಿ ಎಂದು ಅವಳು ದಾರಿಯುದ್ದಕ್ಕೂ ಒಪ್ಪಿಸುತ್ತಲೇ ಇದ್ದಳು. ನನ್ನ ಕೈಚೀಲದಲ್ಲಿ, ಮೊದಲ ಪರಮಪ್ರಸಾದದ ದಿನ ಅಜ್ಜಿ ಕೊಟ್ಟಿದ್ದ ಜಪಸರ ಇತ್ತು.

ಹರಾಜುಕು ನಿಲ್ದಾಣದ ಒಂದು ಮಗ್ಗುಲಿಗೆ ಮೇಜಿ ದೇಗುಲದ ಕಾಡು. 1920ರಲ್ಲಿ ದೇಗುಲ ಕಟ್ಟಿದಾಗ ದೇಶದ ಮೂಲೆಮೂಲೆಯಿಂದ ಜನ ಕಾಣಿಕೆಯಾಗಿ ಕಳಿಸಿದ ಸುಮಾರು ಒಂದು ಲಕ್ಷ ಗಿಡಮರಗಳನ್ನು ನೆಟ್ಟು ಬೆಳೆಸಿದ ಕಾಡದು. ಇನ್ನೊಂದು ಮಗ್ಗುಲಿಗೆ ರಸ್ತೆ ದಾಟಿದರೆ ತಾಕೆಶಿತಾ ಬೀದಿ. ಉದ್ದ 350 ಮೀಟರ್ ಅಷ್ಟೇ, ಆದರೆ ಭಾನುವಾರ ಅದನ್ನು ದಾಟಲು ನಮಗೆ ಅರ್ಧ ತಾಸು ಹಿಡಿಯಿತು. ಕಪ್ಪು ಲೇಸಿನ ನಿಲುವಂಗಿ, ಕಪ್ಪು ಕೊಡೆ, ಬಿಳಿಯಾಗಿ ಬಳಿದ ಮುಖ, ಎದೆಯ ಮೇಲೆ ಅಂಗೈಯಗಲದ ಬೆಳ್ಳಿ ಶಿಲುಬೆ: ಇಂಥ ಉಡುಪಿನ ಹುಡುಗಿಯರು ಇಬ್ಬಿಬ್ಬರಾಗಿ ಎದುರಾದರು. ಜಪಾನಿನಲ್ಲಿ ಇದಕ್ಕೆ ಗೊಸುರೊರಿ ಎನ್ನುತ್ತಾರೆ, ಗೋಥಿಕ್ ಲೋಲಿತಾ ಎಂಬುದರ ಮೊಟಕು ರೂಪ. ಮಾಲಿಸ್ ಮಿಜೆರ್ ಎಂಬ ಸಂಗೀತ ತಂಡದ ಗಿಟಾರ್ ವಾದಕ ಮಾನಾ 1999ರಲ್ಲಿ ಈ ಬಗೆಯ ಉಡುಪಿನದೇ ಬ್ರ್ಯಾಂಡ್ ಶುರುಮಾಡಿದ ಮೇಲೆ ಅದು ಹಬ್ಬಿತು. ಹಿಂದೆ ದೇಗುಲದ ಹಾದಿಯಲ್ಲಿರುವ ಜಿಂಗು ಸೇತುವೆಯ ಮೇಲೆ ಪ್ರತಿ ಭಾನುವಾರ ಇವರ ಜಾತ್ರೆಯೇ ಸೇರುತ್ತಿತ್ತಂತೆ. ಇದನ್ನೆಲ್ಲ ನನಗೆ ಹೇಳಿದವಳು ಮಗಳು.

ಅವಳು ಕರೆದೊಯ್ದ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆರೆದು ಒಳಗೆ ಕಾಲಿಟ್ಟವಳು ಅಲ್ಲಿಯೇ ನಿಂತುಬಿಟ್ಟೆ. ಎದುರಿನ ಕಪಾಟಿನಲ್ಲಿ ಶವಪೆಟ್ಟಿಗೆಯ ಆಕಾರದ ಕಪ್ಪು ಕೈಚೀಲಗಳು, ಸಾಲಾಗಿ. ನಡುವಿನ ಒಂದರ ಮೇಲೆ, ಕಣ್ಣಿಗೆ ಬೀಳಲೆಂದೇ, ಕಪ್ಪು ಮಣಿಗಳ ಜಪಸರವನ್ನು ಎರಡು ಸುತ್ತು ಸುತ್ತಿಟ್ಟಿದ್ದರು.

ನಮ್ಮ ಅಜ್ಜಿಯ ಜಪಸರ ಕಂದು ಬಣ್ಣದ ಮರದ ಮಣಿಗಳದ್ದು. ಸಂಜೆ ಇಗರ್ಜಿಯ ಗಂಟೆ ಬಾರಿಸಿದ ಮೇಲೆ ಮನೆಮಂದಿ ಎಲ್ಲ ಆಲ್ತಾರಿನ ಮುಂದೆ ಮಂಡಿಯೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದೆವು. ಮುಗಿದ ಕೂಡಲೇ ಅಜ್ಜಿ ಅದನ್ನು ತುಟಿಗೊತ್ತಿ ಸಣ್ಣ ಡಬ್ಬಿಯೊಳಗಿಡುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ನಾನದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಅಜ್ಜಿ ಬೈಯಲಿಲ್ಲ, ಬಂದು ಮೆಲ್ಲನೆ ತೆಗೆದರು. "ಇದು ಬೆರಳಿಗೆ ಮಾಡಿದ್ದು ಮಗಾ, ಕೊರಳಿಗಲ್ಲ" ಎಂದರು. ಅವರು ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಮಲಗಿಸಿ, ಮಡಚಿದ ಬೆರಳುಗಳಿಗೆ ಅದೇ ಜಪಸರವನ್ನು ಎರಡು ಸುತ್ತು ಸುತ್ತಿದ್ದೆವು. ಈಗ ಮಂಗಳೂರಿನ ಮಣ್ಣಿನಲ್ಲಿ ಅದೂ ಇದೆ.

ಪೆಟ್ಟಿಗೆಯ ಮೇಲೆ ಎರಡು ಸುತ್ತಿನ ಜಪಸರವನ್ನು ಮತ್ತೆ ಕಂಡದ್ದು ಟೋಕಿಯೊದ ಆ ಅಂಗಡಿಯಲ್ಲಿ.

"ಮಮ್ಮಿ, ಇದು ಬೇಕು" ಎಂದಳು ಮಗಳು. ಅವಳು ಬೆರಳಿಟ್ಟು ತೋರಿಸಿದ್ದು ಅದನ್ನೇ.

"ಬೇಡ."

"ಯಾಕೆ? ಇಲ್ಲಿರುವವರಲ್ಲಿ ಇದನ್ನು ಹಾಕಿಕೊಳ್ಳಲು ಹಕ್ಕಿರುವುದೇ ನಮಗೆ. ನಮ್ಮದಲ್ಲವೇ ಇದು?"

"ನಮ್ಮದು, ಅದಕ್ಕೇ ಬೇಡ ಎಂದೆ."

ನನ್ನ ದನಿ ಗಟ್ಟಿಯಾಗಿಯೇ ಹೊರಟಿರಬೇಕು, ಇಬ್ಬರು ಹುಡುಗಿಯರು ತಿರುಗಿ ನೋಡಿದರು. ಮಗಳು ಮರುಮಾತಾಡದೆ ಜಪಸರವನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಮಣಿ ಸರಿಸತೊಡಗಿದಳು, ಮನೆಯಲ್ಲಿ ಜಪ ಹೇಳುವಾಗ ಸರಿಸುವ ಹಾಗೆಯೇ. "ಏಳೇ ಇವೆ" ಎಂದಳು. ಮತ್ತೊಂದು ಗುಂಪು ಎಣಿಸಿದಳು. ಅಲ್ಲೂ ಏಳು. ಹತ್ತು ನಮೋ ಮರಿಯ ಹೇಳಬೇಕಾದಲ್ಲಿ ಏಳು ಮಣಿ, ಐದು ಗುಂಪುಗಳಲ್ಲೂ. ಅಳತೆ ಕೊರಳಿಗೆ ಕೂರುವಂತೆ ಇಟ್ಟಿದ್ದರು. ಅದನ್ನು ಹಿಡಿದು ಯಾರೂ ಪ್ರಾರ್ಥಿಸಲಾರರು. ನನ್ನ ಸಿಟ್ಟು ಅಲ್ಲಿ ಸ್ವಲ್ಪ ಸಡಿಲವಾಯಿತು, ಏಕೆಂದು ನನಗೂ ತಕ್ಷಣ ಹೊಳೆಯಲಿಲ್ಲ.

ಎಣಿಸುವುದನ್ನು ಕಂಡು ಅಂಗಡಿಯ ಹುಡುಗಿ ಬಂದಳು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಕೊರಳಲ್ಲಿ ಮೂರು ಶಿಲುಬೆ. ಸಾಮಾನಿನಲ್ಲಿ ಏನಾದರೂ ಕುಂದಿದೆಯೇ ಎಂದು ತಲೆಬಾಗಿ ಕೇಳಿದಳು. ಮಗಳ ಜಪಾನಿ ನನ್ನದಕ್ಕಿಂತ ಎಷ್ಟೋ ಮೇಲು. ಹತ್ತಿರಬೇಕಾದಲ್ಲಿ ಏಳಿವೆ ಎಂದು ಅವಳು ವಿವರಿಸಿದಳು. ಆ ಹುಡುಗಿಗೆ ಅರ್ಥವಾಗಲಿಲ್ಲ. ಆಗ ನಾನೇ ಕೈಚೀಲ ತೆರೆದು ನನ್ನ ಜಪಸರವನ್ನು ಹೊರತೆಗೆದೆ.

"ಹೊನ್‌ಮೊನೊ?" ಎಂದಳು. ನಿಜವಾದದ್ದೇ ಎಂದು. ನಾನು ಹೂಂ ಎಂದೊಡನೆ ಒಂದು ಹೆಜ್ಜೆ ಹಿಂದೆ ಸರಿದಳು, ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದಳು. ಇಲ್ಲಿಯವರು ವಿಸಿಟಿಂಗ್ ಕಾರ್ಡನ್ನೂ ಎರಡು ಕೈಯಲ್ಲೇ ಪಡೆಯುತ್ತಾರೆ, ಗೊತ್ತು. ಆದರೆ ಇದು ಅಷ್ಟೇ ಆಗಿರಲಿಲ್ಲ. ಸಣ್ಣ ಮಣಿ 53, ದೊಡ್ಡ ಮಣಿ 6 ಎಂದು ಹೇಳಿದೆ, ಯಾವುದಕ್ಕೆ ಯಾವ ಪ್ರಾರ್ಥನೆ ಎಂದೂ ಹೇಳಿದೆ. ತನ್ನ ಅಜ್ಜಿಯ ಬಳಿ ಜುಜು ಇದೆ, ಅದರಲ್ಲಿ 108 ಎಂದಳು. ಜುಜು ಎಂದರೆ ಬೌದ್ಧರ ಜಪಮಾಲೆ, ಅಂತ್ಯಕ್ರಿಯೆಗೆ ಹೋಗುವಾಗ ತಪ್ಪದೆ ಕೈಯಲ್ಲಿರುತ್ತದೆ.

ಶಿಲುಬೆ ಯಾಕೆ ಹಾಕಿಕೊಳ್ಳುತ್ತೀ ಎಂದು ಕೇಳಿದೆ. ನಾನು ಕೇಳಬಾರದಿತ್ತೇನೋ. ಅವಳು ಯೋಚಿಸಿ ಉತ್ತರಿಸಿದಳು: ಚೆಂದವಿದೆ. ಹಾಕಿಕೊಂಡು ಹೊರಬಿದ್ದರೆ ಏನೋ ಒಂದು ಕಾಯುತ್ತಿದೆ ಎನಿಸುತ್ತದೆ.

"ಅಜ್ಜಿಯ ಜುಜುವನ್ನು ಹೀಗೆ ಕೊರಳಿಗೆ ಹಾಕಿಕೊಳ್ಳುತ್ತೀಯಾ?"

ಅವಳ ಮುಖ ಒಮ್ಮೆಲೇ ಬದಲಾಯಿತು. "ಅಯ್ಯೋ, ಅದು ಅಜ್ಜಿಯದು!"

ಅವಳಿಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತು ಅವಳ ಬಾಯಿಂದಲೇ ಬಂದಿತ್ತು. ಕೈಯಲ್ಲಿದ್ದ ನನ್ನ ಜಪಸರವನ್ನು ಅವಳು ಮತ್ತೊಮ್ಮೆ ನೋಡಿ, ಇನ್ನೂ ಜೋಪಾನವಾಗಿ ನನಗೆ ಮರಳಿಸಿದಳು.

ಯೋಚಿಸಿಕೊಳ್ಳುತ್ತೇವೆ ಎಂದು ಹೇಳಿ ಕೆಳಗಿಳಿದೆವು. ಮಗಳಿಗೆ ಕ್ರೇಪ್ ಎಂಬ ಸಿಹಿ ದೋಸೆ ಕೊಡಿಸಿ ಗೋಡೆಗೊರಗಿ ನಿಂತಾಗ ನಾಗಸಾಕಿಯ ಮಾತು ತೆಗೆದೆ. ಹಿಂದಿನ ವರ್ಷ ನಾನೊಬ್ಬಳೇ ಹೋಗಿದ್ದೆ, ಅವಳಿಗೆ ಪರೀಕ್ಷೆಯಿತ್ತು. ನಿಶಿಜಾಕಾ ಗುಡ್ಡದ ಮೇಲೆ 26 ಮಂದಿ ಕ್ರೈಸ್ತರ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತಿವೆ. 1597ರ ಫೆಬ್ರುವರಿ 5ರಂದು ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿಯ ಆಜ್ಞೆಯಂತೆ ಅವರನ್ನು ಅಲ್ಲಿಯೇ ಶಿಲುಬೆಗೇರಿಸಿದರು. ಅದಕ್ಕೆ ಮುಂಚೆ ಕಿವಿ ಕತ್ತರಿಸಿ ಕ್ಯೋಟೊದಿಂದ ಚಳಿಗಾಲದಲ್ಲಿ ನಡೆಸಿಕೊಂಡು ಬಂದಿದ್ದರು. ಅವರಲ್ಲೊಬ್ಬ ಗೊನ್ಸಾಲೊ ಗಾರ್ಸಿಯಾ, ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದವನು. ಇನ್ನೊಬ್ಬ ಲೂಯಿಸ್ ಇಬಾರಾಕಿ, ವಯಸ್ಸು 12. "ನನಗಿಂತ ಚಿಕ್ಕವನು" ಎಂದಳು ಮಗಳು.

ನಾಗಸಾಕಿಯಲ್ಲಿ ನನಗೆ ಸಿಕ್ಕ ಒಂದು ಪದವನ್ನು ಆವರೆಗೆ ಅವಳಿಗೆ ಹೇಳಿರಲಿಲ್ಲ. ಈ ಅಂಗಡಿಗಳಲ್ಲಿ ಶಿಲುಬೆಗೆ ಕುರೋಸು ಎನ್ನುತ್ತಾರೆ, ಇಂಗ್ಲಿಷಿನಿಂದ ಬಂದದ್ದು. ಆದರೆ ಅಲ್ಲಿನ ಹಳೆಯ ಕ್ರೈಸ್ತರು ಹೇಳುತ್ತಿದ್ದದ್ದು ಕುರುಸು. ಅದು ಪೋರ್ಚುಗೀಸರ ಕ್ರುಸ್. ನಾವು ಮನೆಯಲ್ಲಿ ಹೇಳುವ ಖುರಿಸ್ ಎಂಬ ಕೊಂಕಣಿ ಮಾತು ಬಂದದ್ದೂ ಅಲ್ಲಿಂದಲೇ. ನಮ್ಮ ಹಿರಿಯರು ಮಂಗಳೂರಿಗೆ ಬಂದದ್ದು ಗೋವಾದಿಂದ. ಜಪಾನಿಗೆ ಕ್ರೈಸ್ತಧರ್ಮ ತಂದ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಹೊರಟದ್ದೂ ಗೋವಾದಿಂದ, 1549ರ ಆಗಸ್ಟ್ 15ರಂದು ಕಾಗೋಷಿಮಾದಲ್ಲಿ ಇಳಿದ. ಒಂದೇ ಪದ ಎರಡು ಕಡಲಿಗೆ ಹೋಗಿ ಎರಡು ಬಾಯಿಯಲ್ಲಿ ಉಳಿದುಕೊಂಡಿತು. ಮಗಳು ಮೂರನ್ನೂ ಒಂದರ ಹಿಂದೊಂದು ಹೇಳಿ ನೋಡಿದಳು: ಕುರೋಸು, ಕುರುಸು, ಖುರಿಸ್.

ಅವಳು ಹೀಗೆ ಕೇಳುತ್ತಿದ್ದರೆ ನನಗೆ ನಿಲ್ಲಿಸಲಾಗಲಿಲ್ಲ. 1594ರಲ್ಲಿ ಫ್ರಾನ್ಸೆಸ್ಕೊ ಪಾಸಿಯೊ ಎಂಬ ಜೆಸ್ವಿಟ್ ಪಾದ್ರಿ ನಾಗಸಾಕಿಯಿಂದ ಬರೆದ ಕಾಗದವೊಂದಿದೆ. ಹಿದೆಯೋಶಿಯ ಆಸ್ಥಾನದ ಸುತ್ತಮುತ್ತ ಆಗ ಪೋರ್ಚುಗೀಸ್ ಉಡುಪಿನದೇ ಮೋಹ. ಕ್ರೈಸ್ತರಲ್ಲದ ಪಾಳೆಯಗಾರರೂ ಎದೆಯ ಮೇಲೆ ಜಪಸರ ಹಾಕಿ, ಸೊಂಟಕ್ಕೆ ಶಿಲುಬೆ ನೇತುಹಾಕಿಕೊಳ್ಳುತ್ತಿದ್ದರು. ಕೆಲವರು ಪರಲೋಕ ಮಂತ್ರವನ್ನೇ ಬಾಯಿಪಾಠ ಮಾಡಿ ಬೀದಿಯಲ್ಲಿ ಹೇಳಿಕೊಂಡು ಓಡಾಡುತ್ತಿದ್ದರಂತೆ. ಇದು ಗೇಲಿಯಲ್ಲ, ಹೊಸ ರೀತಿ ತಮಗೂ ಗೊತ್ತೆಂದು ತೋರಿಸಿಕೊಳ್ಳಲು, ಇಲ್ಲವೇ ಅದರಿಂದ ಒಳ್ಳೆಯದಾಗುತ್ತದೆ ಎಂದು ನಂಬಿ, ಎನ್ನುತ್ತಾನೆ ಪಾಸಿಯೊ. ಮೇಲಿನ ಅಂಗಡಿಯ ಹುಡುಗಿ ಹೇಳಿದ್ದೂ ಇವೆರಡೇ ಕಾರಣಗಳಲ್ಲವೇ? ಆ ಕಾಗದ ಬರೆದು ಮೂರು ವರ್ಷ ತುಂಬುವ ಮೊದಲೇ ನಿಶಿಜಾಕಾದಲ್ಲಿ 26 ಶಿಲುಬೆಗಳು ಎದ್ದವು. ಫ್ಯಾಷನ್ ಎಂದು ಹಾಕಿಕೊಂಡವರು ತೆಗೆದಿಟ್ಟಿರಬೇಕು. ತೆಗೆಯಲಾರದವರು ಉಳಿದರು.

1614ರಲ್ಲಿ ದೇಶಕ್ಕೆಲ್ಲ ನಿಷೇಧ ಬಂತು. ಆಮೇಲೆ ಊರಿನ ಜನ ಸಾಲಾಗಿ ಬಂದು ಯೇಸುವಿನ, ಮರಿಯಮ್ಮನ ಚಿತ್ರವನ್ನು ತುಳಿದು ತಾವು ಕ್ರೈಸ್ತರಲ್ಲ ಎಂದು ತೋರಿಸಬೇಕಿತ್ತು. ಹೀಗೆ ತುಳಿಯುವ ಹಲಗೆಗೆ ಫುಮಿಎ ಎಂದು ಹೆಸರು. ನಾಗಸಾಕಿಯ ವಸ್ತುಸಂಗ್ರಹಾಲಯದಲ್ಲಿ ಒಂದನ್ನು ನೋಡಿದೆ. ಎಷ್ಟೋ ಕಾಲುಗಳಡಿ ಸವೆದು ಸವೆದು ಮುಖವೇ ಅಳಿಸಿಹೋಗಿತ್ತು, ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಆದರೂ ಕೆಲವು ಹಳ್ಳಿಗಳು ಪಾದ್ರಿಯಿಲ್ಲದೆ, ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಪ್ರಾರ್ಥನೆ ಉಳಿಸಿಕೊಂಡವು. 1865ರ ಮಾರ್ಚ್ 17ರಂದು ನಾಗಸಾಕಿ ಬಳಿಯ ಉರಾಕಾಮಿ ಹಳ್ಳಿಯ ಜನ ಓಉರಾ ಇಗರ್ಜಿಗೆ ಬಂದು, ಸಾಂತಾ ಮರಿಯಾಳ ಪ್ರತಿಮೆ ಎಲ್ಲಿ ಎಂದು ಫ್ರೆಂಚ್ ಪಾದ್ರಿಯನ್ನು ಮೆಲುದನಿಯಲ್ಲಿ ಕೇಳಿದರು. ಇನ್ನೂರೈವತ್ತು ವರ್ಷಗಳ ನಂತರ! ಆಗಲೂ ನಿಷೇಧ ತೆರವಾಗಿರಲಿಲ್ಲ, 1873ರವರೆಗೆ ಕಾಯಬೇಕಾಯಿತು.

ಮಗಳು ಕ್ರೇಪಿನ ಕಾಗದ ಮಡಚುತ್ತಾ ಕೇಳಿದಳು, "ಹಾಗಾದರೆ ಆ ಅಕ್ಕನಿಗೆ ಇದೆಲ್ಲ ಗೊತ್ತಿಲ್ಲವಾ?"

ಶಾಲೆಯ ಪುಸ್ತಕದಲ್ಲಿ ಫುಮಿಎ ಬಗ್ಗೆ ಓದಿರುತ್ತಾಳೆ. ಆ ಪಾಠ ಮತ್ತು ತನ್ನ ಕೊರಳ ಶಿಲುಬೆ ಅವಳಿಗೆ ಬೇರೆಬೇರೆ, ಅಷ್ಟೇ.

ಇದೇ ಬೀದಿಯ ಬೆಳ್ಳಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಮಗಳು ನಿಲ್ಲಿಸಿ ತೋರಿಸಿದಳು. ಗಂಡಸರ ಉಂಗುರಗಳ ಮೇಲೆ ಬೊಂಜಿ, ಅಂದರೆ ಸಿದ್ಧಂ ಲಿಪಿಯ ಬೀಜಾಕ್ಷರಗಳು. 806ರಲ್ಲಿ ಕೂಕಾಯ್ ಎಂಬ ಭಿಕ್ಷು ಚೀನಾದಿಂದ ತಂದ ಮಂತ್ರಯಾನ ಬೌದ್ಧ ಪಂಥದ ಜೊತೆ ಬೇರೂರಿದ ಅಕ್ಷರಗಳವು. ಇಲ್ಲಿ ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು, ಹುಟ್ಟಿದ ವರ್ಷಕ್ಕೊಂದು ಅಕ್ಷರ ಎಂದು ವಿಂಗಡಿಸಿ ಮಾರುತ್ತಾರೆ, ಇಲಿಯ ವರ್ಷದವರಿಗೆ ಕಿರಿಕು. ಕಿರಿಕು ಎಂದರೆ ಸಂಸ್ಕೃತದ ಹ್ರೀಃ, ನಮ್ಮಲ್ಲಿಯ ಹ್ರೀಂ ಬೀಜಾಕ್ಷರದ ನಂಟು. ಮಂಗಳೂರಿನ ನಮ್ಮ ನೆರೆಮನೆಯ ಭಟ್ಟರು ಮಡಿಯುಟ್ಟು ಜಪಿಸುವಂಥ ಅಕ್ಷರ ಇಲ್ಲಿ ಯಾರದೋ ಹೆಬ್ಬೆರಳಿನಲ್ಲಿ. ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ. ನನಗೆ ಮಾತ್ರ ಅದನ್ನು ಕಂಡು ಅಂಥ ನೋವೇನೂ ಆಗಲಿಲ್ಲ, ಚೆಂದದ ಉಂಗುರ ಎನಿಸಿತು. ಹಾಗೆ ಅನಿಸಿದ್ದು ಮನಸ್ಸಿಗೆ ಬಂದ ಕೂಡಲೇ ಮಗಳಿಗೆ ಹೇಳಿದೆ, "ನಡಿ, ಮೇಲೆ ಹೋಗೋಣ."

ಜಪಸರಕ್ಕೆ ಅವಳು ತನ್ನ ಉಳಿತಾಯದ ಹಣವನ್ನೇ ಕೊಟ್ಟಳು. ಅಂಗಡಿಯ ಹುಡುಗಿ ಅದನ್ನು ತೆಳುಕಾಗದದಲ್ಲಿ ಸುತ್ತುವ ಮುನ್ನ ಒಂದು ಗುಂಪಿನ ಮಣಿಗಳನ್ನು ಬೆರಳಿನಿಂದ ಸರಿಸಿ ತಾನೂ ಎಣಿಸಿದಳು. ಬಾಗಿಲಿನವರೆಗೆ ಬಂದು, ನಾವು ಮೆಟ್ಟಿಲಿಳಿದು ಮರೆಯಾಗುವವರೆಗೂ ತಲೆಬಾಗಿ ನಿಂತಿದ್ದಳು.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮಗಳು ಅದನ್ನು ನನ್ನ ಅಮ್ಮನ ಕೈಗಿತ್ತಳು. ಅಮ್ಮ ಬಹಳ ವರ್ಷಗಳಿಂದ ಅಕ್ಕಪಕ್ಕದವರ ಹರಿದ ಜಪಸರಗಳನ್ನು ಸರಿಮಾಡಿಕೊಡುತ್ತಾರೆ. ತಂತಿ, ಮೂತಿ ಚೂಪಾದ ಇಕ್ಕಳ, ಬಿಡಿ ಮಣಿಗಳ ಡಬ್ಬಿ ಎಲ್ಲ ಅವರ ಬಳಿ ಇದೆ. ಕನ್ನಡಕ ಏರಿಸಿ ಒಮ್ಮೆ ಎಣಿಸಿ, "ಯಾರು ಮಾಡಿದ್ದು ಇದನ್ನು?" ಎಂದಷ್ಟೇ ಕೇಳಿದರು. ಮಗಳು ಹರಾಜುಕುವಿನ ಕತೆ ಹೇಳತೊಡಗಿದಳು. ಅಮ್ಮ ಕೇಳುತ್ತಲೇ ಜಗಲಿಯಲ್ಲಿ ಕುಳಿತು ಒಂದೊಂದೇ ಕೊಂಡಿ ಬಿಡಿಸಿದರು. ಡಬ್ಬಿಯಲ್ಲಿ ಕಪ್ಪು ಮಣಿ ಇರಲಿಲ್ಲ, ಬಿಳಿಯವು ಇದ್ದವು. ಗುಂಪಿಗೆ ಮೂರರಂತೆ ಹದಿನೈದು ಮಣಿ ಸೇರಿಸಿ ಮುಗಿಸುವಾಗ ಇಗರ್ಜಿಯ ಗಂಟೆ ಬಾರಿಸಿತು.

ಮಗಳು ಅದನ್ನು ಈಗಲೂ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಮೊದಲಿಗಿಂತ ಉದ್ದವಾಗಿದೆ, ಹೊಕ್ಕುಳವರೆಗೆ ಇಳಿಯುತ್ತದೆ. ಸಂಜೆ ತೇರ್ಸ್ ಹೊತ್ತಿಗೆ ತೆಗೆದು ಕೈಗೆ ಸುತ್ತಿಕೊಂಡು ಮಂಡಿಯೂರುತ್ತಾಳೆ. ಏಳು ಕಪ್ಪು ಮಣಿ ದಾಟಿ ಬಿಳಿ ಮಣಿಗಳಿಗೆ ಬಂದಾಗ ಅವಳ ಬೆರಳು ಸ್ವಲ್ಪ ನಿಧಾನವಾಗುತ್ತದೆ.