ಅಜ್ಜ ನಾಜಿನಾ?

ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ನಮ್ಮ ಲೈಪ್ಜಿಗ್‌ನಲ್ಲಿ ಪ್ರತಿ ನವೆಂಬರ್ 9ಕ್ಕೆ ಜನ ಬ್ರಷ್ಶು ಬಟ್ಟೆ ಹಿಡ್ಕೊಂಡು ಫುಟ್‌ಪಾತ್ ಮೇಲೆ ಮಂಡಿಯೂರಿ ಕೂತು ಹಿತ್ತಾಳೆ ತಿಕ್ತಾರೆ. 1938ರ ಆ ರಾತ್ರಿ ದೇಶದ ತುಂಬ ಯಹೂದಿಗಳ ಪ್ರಾರ್ಥನಾಮಂದಿರಗಳಿಗೆ, ಸಿನಗಾಗ್‌ಗಳಿಗೆ, ನಾಜಿಗಳು ಬೆಂಕಿ ಹಚ್ಚಿದ್ರಲ್ಲ, ಅದರ ನೆನಪಿಗೆ. ಯಹೂದಿಗಳು ವಾಸವಿದ್ದ ಮನೆಗಳ ಮುಂದೆ ನೆಲದಲ್ಲಿ ಅಂಗೈಯಗಲದ ಬಿಲ್ಲೆ ಕೂರಿಸಿರ್ತಾರೆ, ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದ್ರು, ಎಲ್ಲಿ ಕೊಂದ್ರು, ಅಷ್ಟೇ. ನಮ್ಮ ಬಿಲ್ಡಿಂಗ್ ಬಾಗಿಲಲ್ಲಿ ಮೂರಿವೆ, ಗಂಡ ಹೆಂಡತಿ ಮಗಳು, 1942ರ ಜನವರಿಯಲ್ಲಿ ಲಾಟ್ವಿಯಾದ ರಿಗಾಗೆ. ಈ ಸಲ ನನ್ನ ಮಗಳು ಕ್ಲಾಸಿನವರ ಜೊತೆ ಹೊರಟಾಗ ಒಂದು ಡಬ್ಬೀಲಿ ಹುಣಸೆಹಣ್ಣು ಉಪ್ಪು ಕಲಸಿ ಕೊಟ್ಟೆ. ಟೀಚರ್ ತಂದಿದ್ದ ಪಾಲಿಶ್‌ಗಿಂತ ನಮ್ಮದೇ ಜೋರಾಗಿ ಹೊಳೀತು, ಹಬ್ಬದ ಹಿಂದಿನ ದಿನ ತಿಕ್ಕಿಟ್ಟ ದೀಪದ ಕಂಬದ ಹಾಗೆ.

ಕೆಳಗಿನ ಮನೆ ಅಜ್ಜಿ ಬಾಗಿಲಲ್ಲಿ ನಿಂತು ನೋಡ್ತಿದ್ರು. "ಚೆನ್ನಾಗಿದೆ, ಆದ್ರೆ ನಮ್ಮ ಕಾಲದಲ್ಲಿ ಈ ಕಡೆ ನಾಜಿಗಳೇ ಇರ್ಲಿಲ್ಲಮ್ಮ, ಎಲ್ಲ ಪಶ್ಚಿಮಕ್ಕೆ ಓಡಿಹೋಗಿದ್ರು" ಅಂದ್ರು. ತಮಾಷೆಗಲ್ಲ, ನಂಬಿಕೊಂಡೇ ಹೇಳಿದ್ದು. ಕಮ್ಯುನಿಸ್ಟರ ಪೂರ್ವ ಜರ್ಮನಿ ಸ್ಕೂಲಲ್ಲಿ ಕಲಿಸಿದ್ದೇ ಅದು, ನಾವು ಫ್ಯಾಸಿಸಂ ವಿರುದ್ಧ ಹುಟ್ಟಿದ ದೇಶ, ಹಳೇ ಪಾಪ ನಮ್ಮ ಲೆಕ್ಕಕ್ಕಲ್ಲ. ನಾಜಿಗಳ ಸೆರೆಶಿಬಿರವಾಗಿದ್ದ ಬುಖೆನ್‌ವಾಲ್ಡ್ ಸ್ಮಾರಕದಲ್ಲೂ ಕಮ್ಯುನಿಸ್ಟ್ ಹೋರಾಟಗಾರರಿಗೇ ಮೊದಲ ಮಣೆ. ಇಸ್ರೇಲ್ ಜೊತೆ ಸಂಬಂಧ ಇಟ್ಕೊಳ್ಳಲೇ ಇಲ್ಲ, 1953ರ ಶುರುವಲ್ಲಿ ಯಹೂದಿಗಳ ಮೇಲಿನ ಸ್ಟಾಲಿನ್ ಕಾಟ ಇಲ್ಲಿಗೂ ಬರುತ್ತೆ ಅಂತ ಹೆದರಿ ನೂರಾರು ಯಹೂದಿಗಳು ರಾತ್ರೋರಾತ್ರಿ ಗಡಿ ದಾಟಿದ್ರು. ಅಲ್ಲಿನ ಸಂಸತ್ತು ಯಹೂದಿಗಳ ಕ್ಷಮೆ ಕೇಳಿದ್ದು 1990ರ ಏಪ್ರಿಲ್‌ನಲ್ಲಿ, ಆ ದೇಶವೇ ಇಲ್ಲವಾಗೋಕೆ ಆರು ತಿಂಗಳೂ ಇಲ್ದಿದ್ದಾಗ.

ಅಜ್ಜಿಯ ಮಗ ಈಗ ಎಎಫ್‌ಡಿ ಅನ್ನೋ ಕಟ್ಟಾ ಬಲಪಂಥದ ಪಕ್ಷದ ಓಟರ್. ಅವನಿಗೆ ಇಸ್ರೇಲ್ ಅಂದ್ರೆ ಬಲು ಪ್ರೀತಿ, ಯಾಕಪ್ಪ ಅಂದ್ರೆ ಮುಸ್ಲಿಮರನ್ನ ಕಂಡ್ರೆ ಆಗಲ್ಲ. ಹಿಟ್ಲರ್ ಕಾಲ ಅಂದ್ರೆ ಸಾವಿರ ವರ್ಷದ ಜರ್ಮನ್ ಇತಿಹಾಸದಲ್ಲಿ ಬರೀ ಹಕ್ಕಿ ಹಿಕ್ಕೆ ಅಂತ 2018ರಲ್ಲಿ ಹೇಳಿದ ಗೌಲಾಂಡ್ ಕೂಡ ಆಗ ಅದೇ ಪಕ್ಷದ ಲೀಡರ್ ಆಗಿದ್ದವನು, ಅದು ಇವನಿಗೆ ತೊಂದರೆ ಕೊಡಲ್ಲ. ಮೇಲಿನ ಮನೆ ಸ್ಟೂಡೆಂಟ್ ಹುಡುಗ ಎಡಪಂಥ, ಪ್ಯಾಲೆಸ್ತೀನ್ ಪರ. ಆದ್ರೆ ಇದೇ ಊರಿನ ಕೊನೆವಿಟ್ಸ್ ಕಡೆ ಹೋದ್ರೆ ಅಲ್ಲಿನ ಎಡಪಂಥದವರಲ್ಲಿ ಇಸ್ರೇಲ್ ಬಾವುಟ ಹಿಡಿಯೋರೂ ಇದ್ದಾರೆ, ಎರಡು ಗುಂಪಿಗೂ ಒಬ್ಬರನ್ನೊಬ್ಬರು ಕಂಡ್ರೆ ಆಗಲ್ಲ. ಹೀಗೆ ಮೂರು ಮಹಡೀಲೂ ಯಹೂದಿಗಳ ಬಗ್ಗೆ ಗಟ್ಟಿ ಅಭಿಪ್ರಾಯ ಇದೆ, ಪರಿಚಯದ ಯಹೂದಿ ಒಬ್ಬರೂ ಇಲ್ಲ. ಇರೋದಾದ್ರೂ ಹೇಗೆ, 1920ರ ದಶಕದಲ್ಲಿ ಸುಮಾರು 13,000 ಯಹೂದಿಗಳಿದ್ದ ಊರಿದು, 1989ರಲ್ಲಿ ಬರ್ಲಿನ್ ಗೋಡೆ ಬೀಳೋ ಹೊತ್ತಿಗೆ ಒಂದು ಬಸ್ ತುಂಬೋಷ್ಟು ಉಳಿದಿದ್ರೆ ಹೆಚ್ಚು, ಆಮೇಲೆ ಬಂದವರು ಹೆಚ್ಚಿನವರು ಹಳೇ ಸೋವಿಯತ್ ಕಡೆಯವರು. ಸಿನಗಾಗ್ ಮುಂದೆ ಪೊಲೀಸ್ ಕಾವಲು. ಪಕ್ಕದ ಹಾಲೆ ಊರಲ್ಲಿ 2019ರಲ್ಲಿ ಯಹೂದಿಗಳ ಉಪವಾಸದ ಹಬ್ಬ ಯೋಮ್ ಕಿಪ್ಪುರ್ ದಿನ ಬಲಪಂಥದ ಒಬ್ಬ ಬಂದೂಕು ತಗೊಂಡು ಸಿನಗಾಗ್‌ಗೆ ಬಂದಾಗ ಒಳಗಿದ್ದವರನ್ನ ಉಳಿಸಿದ್ದು ಮುರಿಯದ ಒಂದು ಬಾಗಿಲು. ಅವನು ಹೊರಗೆ ಸಿಕ್ಕಿದ ಇಬ್ಬರನ್ನ ಕೊಂದ.

ಇಷ್ಟು ಜರ್ಮನರ ಕಥೆ. ಇವರನ್ನ ಆಡ್ಕೊಂಡು ಆರಾಮಾಗಿದ್ದೆ, ಭಾನುವಾರ ಶಿವಮೊಗ್ಗದಿಂದ ಅಪ್ಪನ ವಿಡಿಯೋ ಕಾಲ್ ಬಂತು. ರಸ್ತೆ ಗುಂಡಿ, ಲಂಚ, ಕಾರ್ಪೊರೇಷನ್ ಎಲ್ಲಾ ಬೈದು ಮುಗಿಸಿ ಕೊನೆಗೆ, "ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು ಕಣೇ, ಅಲ್ಲೀತನಕ ಉದ್ಧಾರ ಆಗಲ್ಲ!"

ಹಿಂದೆ ಹೋಂವರ್ಕ್ ಮಾಡ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮಾ, ಅಜ್ಜ ನಾಜಿನಾ?"

ಅಪ್ಪನಿಗೆ ಕೇಳಿಸ್ತು. ಮುಖ ನೋಡೋಕಾಗ್ಲಿಲ್ಲ.

ಅಪ್ಪ ನಾಜಿ ಅಲ್ಲ, ಇರುವೆ ಕೊಲ್ಲೋಕೂ ಯೋಚಿಸೋ ಮನುಷ್ಯ. ಆದ್ರೆ ಇದನ್ನ ಒಂಬತ್ತು ವರ್ಷದ ಹುಡುಗಿಗೆ ಹೇಗೆ ಹೇಳೋದು? ನಮ್ಮ ಹೈಸ್ಕೂಲಲ್ಲಿ ಬೆತ್ತ ಹಿಡಿದ ಹೆಡ್‌ಮಾಸ್ಟರಿಗೆ ಹಿಟ್ಲರ್ ಅಂತಲೇ ಹೆಸರು, ಬೆಂಗಳೂರು ಫುಟ್‌ಪಾತಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಅವನು ಬರೆದ ಮೈನ್ ಕಾಂಫ್, ನಮಗೆ ಅವನು ಶಿಸ್ತಿನ ಸಿಪಾಯಿ. ಅದೇ ಅಪ್ಪ ಬೆಳಗ್ಗೆ ಎದ್ದು ಇಸ್ರೇಲ್ ಹೊಗಳೋ ವಾಟ್ಸಾಪ್ ಫಾರ್ವರ್ಡ್ ಕಳಿಸ್ತಾರೆ! ಎರಡೂ ಒಂದೇ ತಲೇಲಿ ಜಗಳ ಆಡದೆ ಸಂಸಾರ ಮಾಡ್ತಿವೆ. ಕೊಚ್ಚಿ ರಾಜರು ಅರಮನೆ ಪಕ್ಕದಲ್ಲೇ ಸಿನಗಾಗ್‌ಗೆ ಜಾಗ ಕೊಟ್ಟವರು, ಬೆಂಗಳೂರಿನ ಮೈಸೂರು ರಸ್ತೇಲೂ ಒಂದು ಯಹೂದಿ ಸ್ಮಶಾನ ಇದೆ, ಯಾರೂ ಅವರ ತಂಟೆಗೆ ಹೋಗ್ಲಿಲ್ಲ ಅಂತ ಇಲ್ಲಿ ಎದೆಯುಬ್ಬಿಸಿ ಹೇಳ್ತೀನಿ, ಅದು ಹೆಚ್ಚುಕಮ್ಮಿ ನಿಜಾನೇ. ಆದ್ರೆ ಆ ಸಜ್ಜನಿಕೆಯಿಂದಲೇ ಇರಬೇಕು, ಹಿಟ್ಲರ್ ಏನ್ ಮಾಡಿದ ಅಂತ ತಿಳ್ಕೊಳ್ಳೋ ಜರೂರತ್ತೂ ನಮಗೆ ಬೀಳಲಿಲ್ಲ.

"ಸುಭಾಷ್ ಬೋಸ್ ಅವನನ್ನ ಭೇಟಿ ಆಗಿರ್ಲಿಲ್ವಾ?" ಅಂತ ಅಪ್ಪ ಚೇತರಿಸ್ಕೊಂಡು ಶುರು ಮಾಡಿದ್ರು. ಆಗಿದ್ರು, 1942ರಲ್ಲಿ. ಆದ್ರೆ ಅಪ್ಪಾ, ಭಾರತ ಬೇರೆ ಯಾರ ಕೈಗೋ ಹೋಗೋದಕ್ಕಿಂತ ಇಂಗ್ಲಿಷರ ಕೈಲಿರೋದೇ ಮೇಲು ಅಂತ ಹಿಟ್ಲರೇ ಮೈನ್ ಕಾಂಫ್‌ನಲ್ಲಿ ಬರೆದಿದ್ದಾನೆ ಅಂದೆ. ಎಷ್ಟು ಯಹೂದಿಗಳನ್ನ ಕೊಂದ ಅಂತ ಲೆಕ್ಕ ಹೇಳಿದಾಗ "ಹೂಂ" ಅಂತಿದ್ದ ಅಪ್ಪನಿಗೆ ಇದು ನೋಡಿ ನಾಟಿದ್ದು. ಸ್ವಲ್ಪ ಬೇಜಾರೂ ಆಯ್ತು ನಂಗೆ.

ಮೊಮ್ಮಗಳು ಫೋನ್ ಕಿತ್ಕೊಂಡು ಬಾಗಿಲ ಮುಂದಿನ ಬಿಲ್ಲೇಲಿರೋ ಹುಡುಗಿ ಕಥೆ ಪೂರ್ತಿ ಹೇಳಿದಳು, ಅರ್ಧ ಜರ್ಮನ್ ಅರ್ಧ ಕನ್ನಡ. ಅಪ್ಪ ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಗಂಟಲು ಸರಿಮಾಡ್ಕೊಂಡು, "ಆಯ್ತು ಪುಟ್ಟಿ, ಹಿಟ್ಲರ್ ಬೇಡ ಬಿಡು. ಸಿಂಗಾಪುರನ ಬಿಗಿ ಕೈಯಲ್ಲಿ ಆಳಿದ ಲೀ ಕ್ವಾನ್ ಯೂ ಥರದವನು ಒಬ್ಬ ಬಂದ್ರೆ ಸಾಕು."

"ಅದ್ಯಾರು ಅಮ್ಮಾ?" ಅಂತ ಪುಟ್ಟಿ ಆಗಲೇ ಟ್ಯಾಬ್ ತೆಗೆದಿದ್ದಳು.