ಊದಿ ಅಂದರೆ ಊದಿ, ಕೇಳಬೇಕಾದ್ದನ್ನೂ ಕೇಳಿ

ಬೆಂಗಳೂರಿನಲ್ಲಿ ನಮ್ಮಂಥವರನ್ನು ಆಕ್ಟಿಂಗ್ ಡ್ರೈವರ್ ಅನ್ನುತ್ತಾರೆ. ಕಾರು ಅವರದು, ಸ್ಟೇರಿಂಗ್ ಹಿಡಿಯುವುದು ನಾವು. ಶುಕ್ರವಾರ, ಶನಿವಾರ ರಾತ್ರಿ ಇಂದಿರಾನಗರ, ಕೋರಮಂಗಲದ ಕಡೆ ಪಾರ್ಟಿ ಮುಗಿಸಿದವರನ್ನು ಮನೆ ಮುಟ್ಟಿಸುವ ಕೆಲಸವೇ ನನಗೆ ಜಾಸ್ತಿ. ನಾನು ಕುಡಿಯುವುದಿಲ್ಲ. ಆದರೂ ಈ ಊರಲ್ಲಿ ಕುಡಿದಿದ್ದೀರಾ ಅಂತ ನೋಡುವ ಪೊಲೀಸರ ಮಷೀನಿಗೆ ನನ್ನಷ್ಟು ಸಲ ಊದಿದವರು ಕಡಿಮೆ ಇರಬೇಕು. ಗಾಜು ಇಳಿಸಿದರೆ ಸಾಕು, ಒಳಗಿಂದ ವಿಸ್ಕಿ ವಾಸನೆ ಗಮ್ ಅಂತ ಬರುತ್ತದೆ. ಅನುಮಾನ ಬರದೆ ಇರುತ್ತದಾ?

ಹಿಂದಿನ ಸೀಟಿನಿಂದ ಸಲಹೆಯೂ ಬರುತ್ತದೆ. "ಊದಬೇಡ ಗುರೂ, ಅದು ನಿನ್ನ ಹಕ್ಕು." ಅಮೆರಿಕದಲ್ಲಿ ಕೆಲಸ ಮಾಡಿ ಬಂದವರೊಬ್ಬರು ಔಟರ್ ರಿಂಗ್ ರೋಡ್ ಮುಗಿಯುವವರೆಗೂ ಇದನ್ನೇ ಹೇಳಿದರು. ಅಲ್ಲಿ ರಸ್ತೆ ಬದಿಯಲ್ಲೇ ಗೆರೆ ಮೇಲೆ ಒಂಬತ್ತು ಹೆಜ್ಜೆ ನಡೆಸುತ್ತಾರಂತೆ, ಒಂಟಿ ಕಾಲಲ್ಲಿ ನಿಲ್ಲಿಸುತ್ತಾರಂತೆ, ಪೆನ್ನು ಆಡಿಸಿ ಕಣ್ಣು ನೋಡುತ್ತಾರಂತೆ. ಬಹುತೇಕ ರಾಜ್ಯಗಳಲ್ಲಿ ಆ ಕಸರತ್ತು ಮಾಡಲ್ಲ ಅನ್ನಬಹುದು, ನಿಜ. ಆದರೆ ಅರೆಸ್ಟ್ ಆದ ಮೇಲೆ ಮಷೀನಿಗೆ ಊದಲ್ಲ ಅಂದರೆ ಅಲ್ಲೂ ಲೈಸೆನ್ಸಿಗೇ ಕುತ್ತು. ಅದನ್ನು ಅವರು ಹೇಳಲಿಲ್ಲ.

ನಮ್ಮಲ್ಲಿ ಗೆರೆ ಮೇಲೆ ನಡೆಸುವುದಿಲ್ಲ, ಊದಿಸುತ್ತಾರೆ. ನನ್ನ ಗಿರಾಕಿ ವಕೀಲರೊಬ್ಬರು ಮೋಟಾರು ವಾಹನ ಕಾಯ್ದೆ ತೆಗೆದು ಓದಿಸಿದ ಮೇಲೆ ನನಗೆ ಇದು ಸರಿಯಾಗಿ ಗೊತ್ತಾಯಿತು. ಯೂನಿಫಾರ್ಮಿನಲ್ಲಿರುವ ಪೊಲೀಸರು, ಅನುಮಾನಕ್ಕೆ ಕಾರಣ ಇದ್ದರೆ, ಗಾಡಿ ಓಡಿಸುತ್ತಿರುವವರನ್ನು ಊದಿಸಬಹುದು. ಅದು 203ನೇ ಸೆಕ್ಷನ್. ಸರಿಯಾದ ಕಾರಣವಿಲ್ಲದೆ ಊದಲ್ಲ ಅಂದರೆ 205ನೇ ಸೆಕ್ಷನ್ ಪ್ರಕಾರ ಅದೇ ನಿಮ್ಮ ಮೇಲಿನ ಸಾಕ್ಷಿಗೆ ಬಲ ಕೊಡುತ್ತದೆ. ಹಟ ಮಾಡಿ ಲಾಭ ಇಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸ್.

ಹಾಗಂತ ಬಾಯಿ ಮುಚ್ಚಿಕೊಂಡು ಊದಿ ಬರಬೇಕಿಲ್ಲ. (ಬಾಯಿ ಮುಚ್ಚಿಕೊಂಡು ಊದುವುದೂ ಕಷ್ಟ ಅನ್ನಿ.) ನಾನು ಮೊದಲು ಕೇಳುವುದು ಹೊಸ ಪೈಪ್. ಆಮೇಲೆ, ಊದುವ ಮುಂಚೆ ಮಷೀನ್ ಸೊನ್ನೆ ತೋರಿಸುತ್ತಿದೆಯಾ ಅಂತ ನೋಡುತ್ತೇನೆ. ಇದು ಸುಮ್ನೆ ನನ್ನ ಕಿರಿಕಿರಿ ಅಲ್ಲ. 2025ರಲ್ಲಿ ಕೇರಳ ಹೈಕೋರ್ಟ್ ಇದೇ ಕಾರಣಕ್ಕೆ ಒಬ್ಬರ ಮೇಲಿನ ಕುಡಿದು ಓಡಿಸಿದ ಆರೋಪವನ್ನು ರದ್ದು ಮಾಡಿತು. ಯಾರೂ ಊದದೇ ಇರುವಾಗಲೇ ಆ ಮಷೀನ್ ಏನೋ ಅಂಕಿ ತೋರಿಸುತ್ತಿತ್ತು.

ಅದೇ ವರ್ಷ ಅಲ್ಲಿಯ ಪಂದಳಂ ಬಸ್ ಡಿಪೋದಲ್ಲಿ ಹಲಸಿನ ಹಣ್ಣು ತಿಂದ ಡ್ರೈವರುಗಳು ಮಷೀನಿನಲ್ಲಿ ಸಿಕ್ಕಿಬಿದ್ದ ಸುದ್ದಿ ಓದಿ ನಾವೆಲ್ಲ ನಕ್ಕಿದ್ದೆವು. ಏನೂ ಕುಡಿಯದ ಒಬ್ಬರಿಗೆ ಹಣ್ಣು ತಿನ್ನಿಸಿ ಮತ್ತೆ ಊದಿಸಿದರೆ ಅವರೂ ಫೇಲ್! ನಮ್ಮ ಜೊತೆಯ ಹುಡುಗನೊಬ್ಬ ಕೆಮ್ಮಿಗೆ ಅಂತ ದ್ರಾಕ್ಷಾಸವ ಕುಡಿದು ಡ್ಯೂಟಿಗೆ ಬಂದಾಗ ಮಾತ್ರ ನಗು ಬರಲಿಲ್ಲ. ಆಸವ, ಅರಿಷ್ಟಗಳಲ್ಲಿ ಹುದುಗಿ ಬಂದ ಆಲ್ಕೋಹಾಲ್ ಇರುತ್ತದೆ, ಅದು ಸ್ವಲ್ಪ ಹೊತ್ತು ಬಾಯಲ್ಲೇ ಉಳಿಯುತ್ತದೆ. "ಬಾಯಿ ಮುಕ್ಕಳಿಸಿ ಕಾಲು ಗಂಟೆ ಬಿಟ್ಟು ಮತ್ತೆ ಊದುತ್ತೇನೆ ಸಾರ್" ಎಂದು ಕೇಳಿಕೊಂಡ. ಎಎಸ್‌ಐ ಗೊಣಗಿದರೂ ಒಪ್ಪಿದರು. ಎರಡನೇ ಸಲ ಅಂಕಿ ಸರ್‍ರನೆ ಇಳಿದಿತ್ತು. ಎರಡು ಪೆಗ್ ಹಾಕಿದವರು ಈ ಉಪಾಯ ಮಾಡಲು ಹೋಗಬೇಡಿ. ನಿಮ್ಮದು ಬಾಯಲ್ಲಿಲ್ಲ, ರಕ್ತದಲ್ಲಿದೆ.

ರಕ್ತ ಪರೀಕ್ಷೆಯ ಮಾತು ತುಂಬ ಜನರಿಗೆ ಗೊತ್ತೇ ಇಲ್ಲ. ಕುಡಿದು ಓಡಿಸಿದ್ದಕ್ಕೆ, ಅಂದರೆ 185ನೇ ಸೆಕ್ಷನ್ ಮೇಲೆ, ಅರೆಸ್ಟ್ ಮಾಡಿದರೆ ಎರಡು ಗಂಟೆಯೊಳಗೆ ಡಾಕ್ಟರ್ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಹೆಂಗಸಿನ ರಕ್ತವನ್ನು ಗಂಡಸು ಡಾಕ್ಟರ್ ತೆಗೆಯುವುದಾದರೆ ಅಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕು. ವಾಸನೆ ಬರುತ್ತಿತ್ತು, ತೂರಾಡುತ್ತಿದ್ದ, ಮಾತು ತೊದಲುತ್ತಿತ್ತು ಅನ್ನುವುದಷ್ಟೇ ಸಾಲದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಹೇಳಿದೆ. ನನಗೆ ಇದು ಬಹಳ ಹಿಡಿಸಿತು. ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟ ಡ್ರೈವರ್ ಕೂಡ ತೊದಲುತ್ತಾನೆ, ಅಲ್ವಾ?

ಇನ್ನು ದುಡ್ಡಿನ ವಿಷಯ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆದರೆ ಇದು ಸ್ಪಾಟ್ ಫೈನ್ ಕಟ್ಟಿ ಮುಗಿಸುವ ಕೇಸಲ್ಲ, ಕೋರ್ಟಿಗೇ ಹೋಗಬೇಕು. ರಸ್ತೆಯಲ್ಲೇ "ಏನೋ ಒಂದು ನೋಡ್ಕೊಳ್ಳಿ" ಅಂದರೆ ಅದು ಯಾವ ಲೆಕ್ಕ ಅಂತ ನಿಮಗೇ ಗೊತ್ತು. ಬೇಸರದ ವಿಷಯ ಅಂದರೆ, ಆ ಮಾತನ್ನು ಮೊದಲು ಎತ್ತುವವರು ಎಷ್ಟೋ ಸಲ ಹಿಂದೆ ಕೂತ ಸಾಹೇಬರೇ. ನನ್ನ ರೀಡಿಂಗ್ ಸೊನ್ನೆ ಇದ್ದರೂ ಪರ್ಸ್ ತೆಗೆದವರನ್ನು ನೋಡಿದ್ದೇನೆ. ಡಿಎಲ್ ತೆಗೆದುಕೊಂಡರೆ ಅದಕ್ಕೆ ಚೀಟಿ ಕೇಳಿ ಪಡೆಯಿರಿ. ಆ ಚೀಟಿ ತೋರಿಸಿ ಗಾಡಿ ಓಡಿಸುವಂತಿಲ್ಲ, ಅದೂ ನೆನಪಿರಲಿ.

ಗಾಡಿ ಏನಾಗುತ್ತದೆ ಅನ್ನುವ ಬಗ್ಗೆ ತೆಲಂಗಾಣ ಹೈಕೋರ್ಟ್ 2021ರಲ್ಲಿ ಅಲ್ಲಿಯ ಪೊಲೀಸರಿಗೆ ಹೇಳಿದ್ದು ನ್ಯಾಯವಾಗಿದೆ. ಜೊತೆಯಲ್ಲಿ ಕುಡಿಯದ, ಲೈಸೆನ್ಸ್ ಇರುವ ಇನ್ನೊಬ್ಬರಿದ್ದರೆ ಅವರ ಕೈಗೆ ಕೊಡಿ, ಇಲ್ಲದಿದ್ದರೆ ಮನೆಯವರನ್ನು ಕರೆಸಿ ಎಂದು. ಇಲ್ಲಿ ಬ್ಯಾರಿಕೇಡ್ ಹತ್ತಿರ ನಿಂತು ನನಗೆ ಫೋನ್ ಮಾಡುವವರಿದ್ದಾರೆ. ಪಾರ್ಟಿಗೆ ಹೊರಡುವಾಗ "ಇವತ್ತು ಬೇಡ ಬಿಡು, ನಾನೇ ಓಡಿಸ್ತೀನಿ" ಅಂದವರೇ ಅವರು. ಹೋಗುತ್ತೇನೆ. ನೈಟ್ ಚಾರ್ಜ್ ಮಾತ್ರ ಒಂದು ರೂಪಾಯಿ ಕಡಿಮೆ ಮಾಡುವುದಿಲ್ಲ.